ಕಾಯಕದಲ್ಲಿ ಅಳಿದವರ ಋಣ

ಪ್ರತಿವರ್ಷ ಅಕ್ಟೋಬರ್ 21ರಂದು ಬೆಳಿಗ್ಗೆ ಜಿಲ್ಲಾ ಕೇಂದ್ರಗಳ ಪೊಲೀಸ್ ಕವಾಯತು ಮೈದಾನಗಳಲ್ಲಿ ಹುತಾತ್ಮರ ಸ್ಮರಣೆ ನಡೆಯುತ್ತದೆ. ಆ ವರ್ಷ ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಓದಿ, ಗೌರವ ಸಲ್ಲಿಸಿ, ಕಹಳೆ ಊದುತ್ತಾರೆ. ಈ ದಿನದ ಹಿಂದಿನ ಘಟನೆಯನ್ನು ನಮ್ಮ ಮನೆಗಳ ಮಕ್ಕಳು ತಿಳಿದಿರಬೇಕು. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಕಾಣೆಯಾದ ಸಂಗಡಿಗರನ್ನು ಅರಸುತ್ತ ಸುಮಾರು 20 ಮಂದಿ ಪೊಲೀಸರು ಹೊರಟರು. ಅಧಿಕಾರಿ ಕರಮ್ ಸಿಂಗ್ ಕುದುರೆಯೇರಿ ಮುಂದೆ ಸಾಗಿದರು, ಉಳಿದವರು ಕಾಲ್ನಡಿಗೆಯಲ್ಲಿ ಹಿಂಬಾಲಿಸಿದರು. ನಡುಹಗಲಲ್ಲಿ ಗುಡ್ಡದ ಮೇಲಿಂದ ಚೀನಾ ಸೈನಿಕರು ಗುಂಡಿನ ಮಳೆಗರೆದರು. 10 ಮಂದಿ ಅಲ್ಲಿಯೇ ಪ್ರಾಣ ತೆತ್ತರು, ಕರಮ್ ಸಿಂಗ್ ಸೆರೆಯಾದರು. ಮಡಿದವರ ದೇಹಗಳು ಮರಳಿ ಬಂದದ್ದು ನವೆಂಬರ್ 13ರಂದು.

ಲಡಾಖು ನಮಗೆ ದೂರ. ಆದರೆ ಕರ್ತವ್ಯದ ಹಾದಿಯ ಮರಣ ನಮ್ಮ ಹಾಸನ ಜಿಲ್ಲೆಗೆ ದೂರವಾದುದಲ್ಲ. 2024ರ ಡಿಸೆಂಬರ್ 1ರಂದು, ತರಬೇತಿ ಮುಗಿಸಿ ಕರ್ತವ್ಯಕ್ಕೆ ಹಾಜರಾಗಲು ಹಾಸನಕ್ಕೆ ಬರುತ್ತಿದ್ದ ತರುಣ ಪೊಲೀಸ್ ಅಧಿಕಾರಿ ಹರ್ಷ ಬರ್ಧನ್ ಕಿತ್ತಾನೆಯ ಬಳಿ ವಾಹನ ಅಪಘಾತದಲ್ಲಿ ತೀರಿಕೊಂಡರು. ಅದಕ್ಕೂ ಒಂದು ವರ್ಷ ಹಿಂದೆ, ಆಲೂರು ಸಕಲೇಶಪುರದ ಬೆಟ್ಟಗಳಲ್ಲಿ ಇನ್ನೆರಡು ಜೀವಗಳು ಕರ್ತವ್ಯದಲ್ಲಿಯೇ ಅಳಿದವು. ಈ ಎರಡರ ಋಣ ನೇರವಾಗಿ ನಮ್ಮ ಮೇಲಿದೆ. ಏಕೆಂದರೆ ಅವು ಹೊರಟದ್ದು ನಮ್ಮ ಬೇಡಿಕೆಯ ಮೇರೆಗೆ.

ಈ ಭಾಗದ ಕುಟುಂಬಗಳಿಗೆ ಆನೆಯ ಸಂಕಟವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕೊಯ್ಲಿಗೆ ಬಂದ ಗದ್ದೆ ಒಂದೇ ರಾತ್ರಿಯಲ್ಲಿ ಕೆಸರಾಗುವುದನ್ನು, ಬಾಳೆ ಬೈನೆಗಳು ಬುಡಸಹಿತ ಉರುಳುವುದನ್ನು, ಕಾಫಿ ಗಿಡಗಳು ಮುರಿದು ಬೀಳುವುದನ್ನು ನಾವೆಲ್ಲ ಕಂಡವರು. ಬೆಳೆ ಹೋದರೆ ಮತ್ತೆ ಬೆಳೆಯಬಹುದು. ಬೆಳಗಿನ ಮಂಜಿನಲ್ಲಿ ತೋಟಕ್ಕೆ ಹೊರಟ ಕೂಲಿಯವರು ಮರಳಿ ಬಾರದ ಮನೆಗಳೂ ನಮ್ಮ ನಡುವೆ ಇವೆ. ಆದ್ದರಿಂದಲೇ ನಾವು ರಸ್ತೆಗಿಳಿದೆವು, ಮನವಿ ಬರೆದೆವು, ಆನೆಗಳನ್ನು ಹಿಡಿಯಿರಿ ಎಂದು ಕೂಗಿದೆವು. ಹೈಕೋರ್ಟಿನ ಆದೇಶದಂತೆ ರಚಿತವಾದ ಆನೆ ಕಾರ್ಯಪಡೆಯು 2012ರ ತನ್ನ ವರದಿಯಲ್ಲಿ ಆಲೂರು ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಹೇಳಿತು. ಅನಂತರ 22 ಆನೆಗಳನ್ನು ಹಿಡಿದದ್ದೂ ಆಯಿತು. ಆದರೂ ಬೇರೆ ಆನೆಗಳು ಬಂದವು. ಬೇಡಿಕೆ ಮುಗಿಯಲಿಲ್ಲ.

ಬೇಡಿಕೆ ಮಾಡುವುದು ಸುಲಭ. ಅದನ್ನು ಈಡೇರಿಸಲು ಯಾರೋ ಆನೆಯ ಸಮೀಪಕ್ಕೆ ಹೋಗಬೇಕು.

ಹಾಗೆ ಹೋಗುತ್ತಿದ್ದವರು ವೆಂಕಟೇಶ್. ಅರಿವಳಿಕೆಯ ಚುಚ್ಚುಮದ್ದನ್ನು ಕೋವಿಯಿಂದ ಹಾರಿಸುವುದರಲ್ಲಿ ನುರಿತಿದ್ದ ಅವರನ್ನು ಜನರು ‘ಆನೆ ವೆಂಕಟೇಶ್’ ಎಂದೇ ಕರೆಯುತ್ತಿದ್ದರು. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡು ಅಲೆಯುತ್ತಿದ್ದ ‘ಭೀಮ’ ಎಂಬ ಕಾಡಾನೆಗೆ ಚಿಕಿತ್ಸೆ ನೀಡಬೇಕಾಗಿತ್ತು. ಚುಚ್ಚುಮದ್ದು ತಗುಲಿದೊಡನೆ ಆನೆ ಮಲಗುವುದಿಲ್ಲ. ಮದ್ದು ಮೈಗೇರಲು ಕೆಲವು ನಿಮಿಷಗಳು ಬೇಕು. ಆ ನಿಮಿಷಗಳೇ ಈ ಕಾಯಕದ ಅತ್ಯಂತ ಕಠಿಣ ಗಳಿಗೆ. ಅಂದು ಆನೆ ತಿರುಗಿ ಮೇಲೆರಗಿತು. ಕೊಲ್ಲಲೆಂದಲ್ಲ, ಗಾಯ ಮಾಯಿಸಲೆಂದು ಹೋದವರು ಅದರ ಕಾಲಡಿಯಲ್ಲಿ ಪ್ರಾಣಬಿಟ್ಟರು.

ಮೂರು ತಿಂಗಳು ಕಳೆದವು. ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ ಅರ್ಜುನ ಮಡಿದನು. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಎಂಟು ಬಾರಿ 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ತಾಯಿ ಚಾಮುಂಡೇಶ್ವರಿಯನ್ನು ಹೊತ್ತ ಆನೆ ಅದು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿ, ಮನುಷ್ಯನ ಮಾತಿಗೆ ಒಗ್ಗಿ, ಬಳ್ಳೆ ಶಿಬಿರದಲ್ಲಿ ಬಾಳಿದ ಜೀವ. 60 ವರ್ಷ ದಾಟಿತೆಂದು 2020ರಲ್ಲಿ ಅಂಬಾರಿಯ ಹೊಣೆಯನ್ನು ಅಭಿಮನ್ಯುವಿಗೆ ವಹಿಸಲಾಯಿತು. ಅಂಬಾರಿಯ ಭಾರದಿಂದ ಬಿಡುಗಡೆ ಪಡೆದ ವೃದ್ಧ ಆನೆಯನ್ನು, ಅದಕ್ಕಿಂತ ಅಪಾಯದ ಕೆಲಸಕ್ಕೆ ನಮ್ಮ ಬೆಟ್ಟಗಳಿಗೆ ಕರೆತರಲಾಯಿತು. ಮದವೇರಿದ ಸಲಗವೊಂದು ನುಗ್ಗಿ ಬಂದಾಗ ಇತರ ಸಾಕಾನೆಗಳು ಹಿಂಜರಿದವು. ಅರ್ಜುನ ಎದುರು ನಿಂತು ಕಾದಿ ಅಲ್ಲಿಯೇ ಬಿದ್ದನು. ಕಾರ್ಯಾಚರಣೆ ನಡೆದ ರೀತಿಯ ಬಗೆಗೆ ಆಗ ಪ್ರಶ್ನೆಗಳೆದ್ದವು, ತನಿಖೆಗೂ ಆದೇಶವಾಯಿತು. ಮರುದಿನ ಅದೇ ಕಾಡಿನಲ್ಲಿ ಸಮಾಧಿಯಾದಾಗ, ಮಾವುತನು ತನ್ನ ಆನೆಯ ದೇಹವನ್ನು ತಬ್ಬಿ ರೋದಿಸಿದ ದೃಶ್ಯವನ್ನು ಕಂಡ ಯಾರ ಕಣ್ಣು ತಾನೆ ಒದ್ದೆಯಾಗಲಿಲ್ಲ!

ಕಾಯಕವೆಂಬ ಮಾತನ್ನು ನಾವು ನಿತ್ಯ ಆಡುತ್ತೇವೆ. ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ವೆಂಕಟೇಶರು ಅಪಾಯವನ್ನರಿತು ತಮ್ಮ ಕಾಯಕಕ್ಕೆ ನಡೆದವರು. ಅವರನ್ನು ಕಾಯಕಜೀವಿ ಎನ್ನುವುದು ಸಲ್ಲುತ್ತದೆ. ಆದರೆ ಅರ್ಜುನನಿಗೆ ಅಂತಹ ಆಯ್ಕೆಯಿರಲಿಲ್ಲ. ತನ್ನ ಕುಲದ ಪ್ರಾಣಿಯನ್ನೇ ಹಿಡಿದುಕೊಡಲು ನಾವು ಅದನ್ನು ಕಳುಹಿಸಿದೆವು. ಅದನ್ನು ವೀರನೆಂದು ಕೊಂಡಾಡುವುದರಿಂದ ಮಾತ್ರ ನಮ್ಮ ಹೊಣೆ ತೀರದು. ಸಕಲ ಜೀವಿಗಳಿಗೂ ಲೇಸನ್ನು ಬಯಸಬೇಕೆಂದು ಕಲಿತ ಮನೆತನಗಳು ಈ ಮಾತನ್ನು ಕಹಿಯೆನಿಸಿದರೂ ಒಪ್ಪಿಕೊಳ್ಳಬೇಕು.

ಹಾಗೆಂದು ಬೆಳೆಗಾರನು ಸುಮ್ಮನೆ ನಷ್ಟವನ್ನೂ ಸಾವನ್ನೂ ಸಹಿಸಲಿ ಎಂದು ನಾವು ಹೇಳುತ್ತಿಲ್ಲ. ಪರಿಹಾರ ಸಕಾಲಕ್ಕೆ ಬರಬೇಕು, ಶಾಶ್ವತ ಯೋಜನೆ ಬೇಕು. ಅದನ್ನು ಕೇಳುವುದು ನಮ್ಮ ಹಕ್ಕು. ಆದರೆ ಕೇಳುವವರ ಪಾಲಿನ ಕೆಲಸವೂ ಇದೆ. ಆನೆಯಿರುವ ಸುದ್ದಿ ಬಂದ ದಿನ ತೋಟದ ಕೆಲಸದವರನ್ನು ತಡವಾಗಿ ಕಳುಹಿಸಿದರೆ ಒಂದು ಹೊತ್ತಿನ ಕೆಲಸ ಹೋದೀತು, ಒಂದು ಜೀವ ಉಳಿದೀತು. ಕಾರ್ಯಾಚರಣೆಯ ಸ್ಥಳದಲ್ಲಿ ಗುಂಪುಗೂಡಿ ಕೂಗುವುದು, ಮೊಬೈಲಿನಲ್ಲಿ ಚಿತ್ರ ತೆಗೆಯಲು ಮುಂದೆ ನುಗ್ಗುವುದು ಸಿಬ್ಬಂದಿಯ ಪ್ರಾಣಕ್ಕೆ ಎರವಾಗುತ್ತದೆ. ನಮ್ಮ ಹುಡುಗರಿಗೆ ಇದನ್ನು ಮನೆಯಲ್ಲಿಯೇ ಹೇಳಬೇಕು. ಇರುಳೆಲ್ಲ ಮಳೆಯಲ್ಲಿ ಆನೆಯ ಹಿಂದೆ ಅಲೆದು ಬಂದ ಅರಣ್ಯ ಕಾವಲುಗಾರನು ನಮ್ಮ ಅಂಗಳಕ್ಕೆ ಬಂದಾಗ, ಬೈಗುಳದ ಬದಲು ಬಿಸಿ ಕಾಫಿ ಕೊಡುವುದು ದಾಸೋಹವಲ್ಲದೆ ಮತ್ತೇನು?

ಸೆಪ್ಟೆಂಬರ್ 11ನ್ನು ದೇಶವು ಅರಣ್ಯ ಹುತಾತ್ಮರ ದಿನವೆಂದು ಆಚರಿಸುತ್ತದೆ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರಗಳನ್ನುಳಿಸಲು ಪ್ರಾಣ ಕೊಟ್ಟ 363 ಮಂದಿ ಬಿಷ್ಣೋಯಿಗಳ ನೆನಪಿನ ದಿನವದು. ಆ ದಿನ ಸಂಜೆ ಮನೆಯಲ್ಲಿ ದೀಪ ಹಚ್ಚುವಾಗ ನಮ್ಮ ಬೆಟ್ಟದ ಈ ಇಬ್ಬರನ್ನೂ ಮಕ್ಕಳೆದುರು ನೆನೆಯೋಣ. ಮನವಿ ಪತ್ರಕ್ಕೆ ಮುಂದೆ ಸಹಿ ಹಾಕುವಾಗಲೂ ಅವರ ನೆನಪಿರಲಿ. ನಾವು ಬೇಡಿದ್ದನ್ನು ಮಾಡಲು ಹೊರಟವರು ಸಂಜೆಗೆ ತಮ್ಮ ಮನೆ ಸೇರಲಿ ಎಂಬುದನ್ನೂ ಆ ಬೇಡಿಕೆಯೊಂದಿಗೆ ಬೇಡೋಣ.