ನೇಪಥ್ಯಕ್ಕೊಬ್ಬ ಮಿತ್ರನು ಬೇಕು

ಬೆಂಗಳೂರಿನ ದಕ್ಷಿಣಭಾಗದಲ್ಲಿ ಮಕ್ಕಳ ನಾಟಕಗಳಿಗೆ ಈಗ ಕೊರತೆಯಿಲ್ಲ. ಜೆ. ಪಿ. ನಗರದಲ್ಲಿ 2004ನೆಯ ಇಸವಿಯಲ್ಲಿ ತೆರೆದ ರಂಗಶಂಕರದಲ್ಲಿ ಮಕ್ಕಳ ರಂಗಭೂಮಿಗೂ ಸ್ಥಾನವು ದೊರೆತಿದೆ. ಬೇಸಗೆಯ ರಜೆ ಬಂದಿತೆಂದರೆ ಜಯನಗರ, ಬನಶಂಕರಿಗಳಲ್ಲಿ ಶಿಬಿರಗಳು. ಶಿಬಿರದ ಕೊನೆಗೊಂದು ನಾಟಕ. ಇದು ಸಂತೋಷದ ಸಂಗತಿಯೇ ಸರಿ. ಆದರೆ ನಾವು ಪರದೆಯ ಮುಂದೆ ಕುಳಿತು ಕರತಾಡನ ಮಾಡುತ್ತಿರುವಾಗ, ಪರದೆಯ ಹಿಂದೆ ಆ ಮಕ್ಕಳನ್ನು ನೋಡಿಕೊಳ್ಳುವವರು ಯಾರು?

ಕೆಲವು ಕಾಲದ ಹಿಂದೆ ಮೊಮ್ಮಗಳ ನಾಟಕಕ್ಕೆ ಹೋಗಿದ್ದೆನು. ಆಟವು ಮುಗಿದು ರಾತ್ರಿ ಒಂಬತ್ತೂವರೆಯಾಗಿತ್ತು. ಮುಖದ ಬಣ್ಣವನ್ನೂ ತೊಳೆಯದ ಎಂಟು ವರ್ಷದ ಬಾಲಕಿಯೊಬ್ಬಳು ಬೀದಿಬಾಗಿಲಲ್ಲಿ ಒಬ್ಬಳೇ ನಿಂತಿದ್ದಳು. ನಿರ್ದೇಶಕರನ್ನು ಕೇಳಿದೆ: “ಶಿಬಿರದವರು ನೋಡಿಕೊಳ್ಳುತ್ತಾರೆ, ಮೇಷ್ಟ್ರೇ” ಎಂದರು. ಶಿಬಿರದವರನ್ನು ಕೇಳಿದೆ: “ಅದು ನಿರ್ದೇಶಕರ ಜವಾಬ್ದಾರಿಯಲ್ಲವೇ, ಸಾರ್?” ಎಂದರು. ತಂದೆಯು ಬಂದುದು ಹತ್ತು ಗಂಟೆಗೆ. ಅನರ್ಥವೇನೂ ಆಗಲಿಲ್ಲ, ಅದು ದೈವಕೃಪೆಯೇ ಹೊರತು ನಮ್ಮ ವ್ಯವಸ್ಥೆಯ ಫಲವಲ್ಲ.

ಮುಂದಿನ ಆಟಕ್ಕೆ ಕಾವಲಿಗೆ ನಾನೇ ಬರುವೆನೆಂದಾಗ, “ಗುರುವಿನ ಮೇಲೆಯೇ ಸಂಶಯವೆ?” ಎಂಬ ಆಕ್ಷೇಪವು ಬಂದಿತು. ಇದಕ್ಕೆ ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವೇ ಸಮಾಧಾನ. ಭರತನ ನೂರು ಮಂದಿ ಮಕ್ಕಳು ಪ್ರಯೋಗಕ್ಕೆ ನಿಂತಾಗ ವಿಘ್ನಗಳು ಅಡ್ಡಬಂದವು. ಆಗ ಬ್ರಹ್ಮನು ವಿಶ್ವಕರ್ಮನಿಂದ ನಾಟ್ಯಗೃಹವನ್ನು ಕಟ್ಟಿಸಿ, ಅದರ ಒಂದೊಂದು ಭಾಗಕ್ಕೂ ಒಬ್ಬೊಬ್ಬ ದೇವತೆಯನ್ನು ಕಾವಲಿಟ್ಟನು. ನೇಪಥ್ಯದ ಕಾವಲು ಮಿತ್ರನದಾಯಿತು. ಬ್ರಹ್ಮನಿಗೆ ಭರತನ ಮೇಲೆ ಸಂಶಯವಿದ್ದಿತೆ? ಇಲ್ಲ. ಆಟವಾಡಿಸುವವನ ಕಣ್ಣು ಆಟದ ಮೇಲಿರುತ್ತದೆ; ಮಕ್ಕಳ ಮೇಲೆ ಬೇರೊಂದು ಕಣ್ಣು ಬೇಕು.

ಶಾಸ್ತ್ರವು ಹಳತೆನ್ನುವವರು ಈಗಿನ ಕಾಯಿದೆಯನ್ನಾದರೂ ನೋಡಲಿ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಅದನ್ನನುಸರಿಸಿದ 2017ರ ನಿಯಮಗಳ ಪ್ರಕಾರ, ಚಲನಚಿತ್ರವೇ ಮೊದಲಾದುವುಗಳಲ್ಲಿ ಅಭಿನಯಿಸುವ ಮಗುವನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚಾಗಲಿ, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚಾಗಲಿ ದುಡಿಸಕೂಡದು. 5 ಮಕ್ಕಳಿಗೆ ಒಬ್ಬರಾದರೂ ಹೊಣೆಗಾರರಿರತಕ್ಕದ್ದು. ಇಂಗ್ಲೆಂಡಿನಲ್ಲಂತೂ ರಂಗದ ಮೇಲಣ ಮಕ್ಕಳ ರಕ್ಷಕರು ಸ್ಥಳೀಯ ಆಡಳಿತದಿಂದ ಅನುಮತಿ ಪಡೆದವರಾಗಿರಬೇಕು. ಒಬ್ಬರಿಗೆ 12 ಮಕ್ಕಳಿಗಿಂತ ಹೆಚ್ಚಿರಬಾರದು. “ಅವೆಲ್ಲ ಸಂಪಾದನೆಯ ಮಕ್ಕಳಿಗೆ, ನಮ್ಮದು ಹವ್ಯಾಸ” ಎನ್ನುವರು. ಹಣ ಪಡೆಯುವ ಮಗುವಿಗೆ ರಕ್ಷಣೆಯುಂಟು, ಹಣ ತೆತ್ತು ಶಿಬಿರಕ್ಕೆ ಸೇರಿದ ಮಗುವಿಗೆ ಬೇಡವೆ? ಇದಾವ ನ್ಯಾಯ?

ತಂದೆತಾಯಿಗಳೇ ಇರುವರಲ್ಲಾ ಎಂದರೆ, ಅವರು ತಮ್ಮ ಮಗುವಿನ ಭಾವಚಿತ್ರವನ್ನು ತೆಗೆಯುವುದರಲ್ಲಿ ಮಗ್ನರು. ಆದುದರಿಂದ ನಮ್ಮಂಥ ನಿವೃತ್ತರೂ ಬಿಡುವುಳ್ಳ ಗೃಹಿಣಿಯರೂ ಮುಂದೆ ಬರಬೇಕು. ಕೆಲಸವು ದೊಡ್ಡದಲ್ಲ: ನೀರು, ಊಟ, ಶೌಚಗಳನ್ನು ವಿಚಾರಿಸುವುದು, ಯಾವ ಮಗುವನ್ನು ಯಾರು ಕರೆದೊಯ್ದರೆಂದು ಬರೆದಿಡುವುದು, ಕೊನೆಯ ಮಗುವು ಹೋಗುವವರೆಗೆ ತಾನು ಹೋಗದಿರುವುದು. ನಾಟಕವನ್ನು ನೋಡುವ ಆಸೆಯನ್ನು ಮಾತ್ರ ಬಿಡಬೇಕು.

ಕಾಯುವವರನ್ನೂ ಕುರುಡಾಗಿ ನಂಬಬೇಡಿರಿ. ನರೆಗೂದಲು ಶೀಲಕ್ಕೆ ಪ್ರಮಾಣಪತ್ರವಲ್ಲ. ನನ್ನ ಪೂರ್ವೋತ್ತರವನ್ನೂ ವಿಚಾರಿಸಲಿ. ಯಾವಾಗಲೂ ಇಬ್ಬರಿರಲಿ, ಒಬ್ಬರೇ ಮಗುವಿನೊಡನೆ ಏಕಾಂತದಲ್ಲಿರುವುದು ಬೇಡ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದುದು ತಿಳಿದರೆ ಸಂಸ್ಥೆಯ ಮಾನಕ್ಕಂಜಿ ಮುಚ್ಚಿಡಲಾಗದು. 2012ರ ಪೋಕ್ಸೋ ಕಾಯಿದೆಯಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು.

ವಾಚಕ ಮಹಾಶಯರೇ, ಮುಂದೆ ಮಕ್ಕಳ ನಾಟಕಕ್ಕೆ ಆಹ್ವಾನವು ಬಂದಾಗ ನಿರ್ದೇಶಕರಾರೆಂದು ಕೇಳುವ ಮೊದಲು ನೇಪಥ್ಯದಲ್ಲಿ ಯಾರಿರುವರೆಂದು ಕೇಳಿರಿ. ಉತ್ತರವು ಬಾರದಿದ್ದರೆ ನೀವೇ ಹೋಗಿ ನಿಲ್ಲಿರಿ.