ಹಳ್ಳ ಕೆಂಪಾದ ದಿನ ಅಳೆಯೋರು ಯಾರು?

ಗಣಿ ಅಂದ ಕೂಡಲೇ ನಮ್ಮ ಚರ್ಚೆ ಲಾರಿ, ಧೂಳು, ರಾಯಲ್ಟಿ, ರಾಜಕಾರಣಿಗಳ ಸುತ್ತಲೇ ಗಿರಕಿ ಹೊಡೆಯುತ್ತೆ. ನೀರಿನ ಮಾತು ಬರೋದು ಅಪರೂಪ. ಬಳ್ಳಾರಿಯಂಥ ಒಣ ಜಿಲ್ಲೆಯಲ್ಲಿ ಇದು ಸಣ್ಣ ಲೋಪವಲ್ಲ.

ಸಂಡೂರಿನ ಬೆಟ್ಟದಿಂದ ಅದಿರು ತೆಗೆಯಬೇಕಾದರೆ ಮೊದಲು ಗಿಡಮರ, ಮೇಲ್ಮಣ್ಣು ಹೋಗಬೇಕು. ಬೇಡದ ಮಣ್ಣು ಇಳಿಜಾರಿನಲ್ಲಿ ರಾಶಿ ಬೀಳುತ್ತೆ. ಇಲ್ಲಿ ಮಳೆ ಕಡಿಮೆ ನಿಜ, ಆದರೆ ಬಂದರೆ ಒಮ್ಮೆಲೇ ಸುರಿಯುತ್ತೆ. ಬೇರಿನ ಹಿಡಿತ ಇಲ್ಲದ ಮಣ್ಣು ಕೆಲವೇ ಗಂಟೆಗಳಲ್ಲಿ ಹಳ್ಳಕ್ಕಿಳಿಯುತ್ತೆ. ನಾರಿಹಳ್ಳ ಕೆಂಪಾಗುತ್ತೆ, ತಾರಾನಗರದ ಜಲಾಶಯದಲ್ಲಿ ಹೂಳು ಕೂರುತ್ತೆ.

ಹೂಳಿನ ಬೆಲೆ ಏನು ಅಂತ ತಿಳಿಯಲು ಪಕ್ಕದ ತುಂಗಭದ್ರಾ ಅಣೆಕಟ್ಟು ನೋಡಿ. ಕಟ್ಟಿದಾಗ ಸುಮಾರು 133 ಟಿಎಂಸಿ ಸಾಮರ್ಥ್ಯ, ಈಗ ಸುಮಾರು 105. ಆ ಹೂಳಿಗೆಲ್ಲ ಗಣಿಯೇ ಕಾರಣ ಅನ್ನೋದು ತಪ್ಪು. ಅದರ ಜಲಾನಯನ ಮಲೆನಾಡಿನವರೆಗೂ ಹಬ್ಬಿದೆ. ಆದರೆ ಪಾಠ ಒಂದೇ: ಒಮ್ಮೆ ಕೂತ ಹೂಳನ್ನು ಎತ್ತೋದಕ್ಕಿಂತ ಬೆಟ್ಟದಲ್ಲೇ ತಡೆಯೋದು ಅಗ್ಗ.

ಸುಪ್ರೀಂ ಕೋರ್ಟ್ 2011ರಲ್ಲಿ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರು ಮಾಡಲು ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು: ತಡೆಗೋಡೆ, ಚೆಕ್ ಡ್ಯಾಂ, ಹೂಳು ಇಳಿಯುವ ಹೊಂಡ. ಇವು ಕೆಲಸ ಮಾಡುತ್ತವೆ, ಖಾಲಿ ಇದ್ದರೆ ಮಾತ್ರ. ಹೂಳು ತುಂಬಿದ ಚೆಕ್ ಡ್ಯಾಂ ಬರೀ ಮೆಟ್ಟಿಲು; ರಾಡಿ ನೀರು ಅದನ್ನು ಹತ್ತಿ ಇಳಿದು ಹೋಗುತ್ತೆ.

2022ರಲ್ಲಿ ಬಳ್ಳಾರಿಯ ವಾರ್ಷಿಕ ಅದಿರು ಮಿತಿ 2.8 ಕೋಟಿ ಟನ್‌ನಿಂದ 3.5 ಕೋಟಿ ಟನ್‌ಗೆ ಏರಿತು. ಅದಿರನ್ನು ಟನ್ ಟನ್ ಲೆಕ್ಕ ಇಡ್ತೀವಿ. ಅದರ ಜೊತೆ ಇಳಿದು ಬರುವ ಮಣ್ಣಿಗೂ ಅಷ್ಟೇ ಕಟ್ಟುನಿಟ್ಟಿನ ಲೆಕ್ಕ ಬೇಡವೇ?

ಅಳತೆಯ ಸಮಯವೂ ಮುಖ್ಯ. ಮಳೆಯಿಲ್ಲದ ದಿನ ಬಾಟಲಿ ತುಂಬಿ ಲ್ಯಾಬ್‌ಗೆ ಕಳಿಸಿದರೆ ನೀರು ತಿಳಿಯಾಗೇ ಕಾಣುತ್ತೆ. ಮಣ್ಣು ಬರೋದು ಮಳೆಯ ದಿನ, ಅದರಲ್ಲೂ ಮೊದಲ ಜೋರು ಮಳೆಗೆ. ಆ ದಿನದ ರಾಡಿಯನ್ನು ಗಣಿಯ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಅಳೆದರೆ ಯಾರ ಮಣ್ಣು ಎಷ್ಟು ಅನ್ನೋ ಜಗಳ ಅರ್ಧ ಮುಗಿಯುತ್ತೆ.

ಹಣ ಇಲ್ಲ ಅನ್ನೋ ನೆಪ ನಡೆಯಲ್ಲ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ 24 ಸಾವಿರ ಕೋಟಿಗೂ ಹೆಚ್ಚಿನ ಯೋಜನೆ ಇದೆ. ಅದರಲ್ಲಿ ಕಟ್ಟಡ, ರಸ್ತೆ ಫೋಟೋಗೆ ಸಿಗುತ್ತವೆ. ಹೂಳೆತ್ತುವ ಕೆಲಸ ಸಿಗಲ್ಲ. ಹಾಗಾಗಿ ಕೇಳಬೇಕಾದವರು ನಾವೇ. ಮುಂದಿನ ಸಲ ಮಿತಿ ಏರಿಸುವ ಮಾತು ಬಂದಾಗ ಪ್ರಶ್ನೆ ಒಂದೇ ಇರಲಿ: ಈ ಮಳೆಗಾಲ ನಾರಿಹಳ್ಳದಲ್ಲಿ ಎಷ್ಟು ಮಣ್ಣು ಹರಿಯಿತು?