ಹಳೇ ಲ್ಯಾಪ್‌ಟಾಪಿಗೆ ಷೋಕಿ ಯಾಕೆ ಅಂದೋನಿಗೆ

ಅಕ್ಕಂದಿರಾ, ಈ ಸಲ ಅಡುಗೆ ವಿಷಯ ಇಲ್ಲ, ಜಗಳದ ವಿಷಯ.

ಹೂಡಿ ಹತ್ರ ಒಂದು ರಿಪೇರಿ ಅಂಗಡಿಗೆ ಮನೆ ಹಳೇ ಲ್ಯಾಪ್‌ಟಾಪ್ ತಗೊಂಡು ಹೋಗಿದ್ದೆ. ಮಗ ಬಿಟ್ಟುಹೋಗಿದ್ದು, ಒಳಗೆ ಲಿನಕ್ಸ್ ಮಿಂಟ್, ಎಕ್ಸ್‌ಎಫ್‌ಸಿಇ. ಕಿಟಕಿ ಎಳೆದ್ರೆ ಚಿತ್ರ ಹರಿದಂಗೆ ಕಾಣೋದು. "ಆಂಟಿ, ಇದ್ರಲ್ಲಿರೋದು ಬಿಟ್ಟಿ ಡ್ರೈವರು, ಎಫೆಕ್ಟ್ ಎಲ್ಲ ಬರಲ್ಲ. ಹೊಸದು ತಗೊಳ್ಳಿ. ಅಷ್ಟಕ್ಕೂ ನಿಮಗ್ಯಾಕೆ ಷೋಕಿ?" ಅಂದ.

ಷೋಕಿಯಂತೆ! ದಿನಾ ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕೋರನ್ನೂ ಹಿಂಗೇ ಕೇಳ್ತಾನಾ?

ಬಿಟ್ಟಿ ಅನ್ನೋ ಮಾತೇ ತಪ್ಪು. ಇಂಟೆಲ್ ಗ್ರಾಫಿಕ್ಸಿನ ಮುಕ್ತ ಡ್ರೈವರು ಲಿನಕ್ಸ್ ಕರ್ನಲ್ ಒಳಗೇ ಇರುತ್ತೆ. ಬರೆಯೋರು ಬಹುಪಾಲು ಅದೇ ಕಂಪನಿಯ ಸಂಬಳದ ಇಂಜಿನಿಯರುಗಳು. ಎಎಂಡಿ 2007ರಲ್ಲೇ ತನ್ನ ಚಿಪ್‌ಗಳ ದಾಖಲೆ ಹೊರಗೆ ಕೊಡೋಕೆ ಶುರು ಮಾಡ್ತು. ಅದೇ ಕಂಪನಿ 2023ರ ನವೆಂಬರಲ್ಲಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರ ತೆರೆದಿದ್ದು ನಮ್ಮ ಬೆಂಗಳೂರಲ್ಲಿ. ಚಿಪ್ ವಿನ್ಯಾಸ ಮಾಡೋ ಊರಲ್ಲಿ ಕೂತು ಹಿಂಗಾ ಮಾತಾಡೋದು?

ಎನ್ವಿಡಿಯಾ ಆಗಿದ್ರೆ ಅವನ ಮಾತಲ್ಲಿ ಅರ್ಧ ನಿಜ ಇರೋದು, ಒಪ್ಕೋತೀನಿ. ಅದರ ಮುಕ್ತ ಡ್ರೈವರು ನೂವೋನ ಹೊರಗಿನೋರು ಕಷ್ಟಪಟ್ಟು ಗುಟ್ಟು ಬಿಡಿಸಿ ಬರೆದದ್ದು. 2012ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಫಿನ್ಲೆಂಡಿನ ಸಭೆಯಲ್ಲಿ ಕ್ಯಾಮೆರಾ ಮುಂದೆ ಆ ಕಂಪನಿಗೆ ಬೆರಳು ತೋರಿಸಿದ್ದು ಸುಮ್ನೆ ಅಲ್ಲ. (ಯಾವ ಬೆರಳು ಅಂತ ಹಿರಿಯೋರ ಮುಂದೆ ಕೇಳ್ಬೇಡಿ.)

ಮನೆಗೆ ಬಂದು ಟರ್ಮಿನಲ್ಲಲ್ಲಿ ಜಿಎಲ್‌ಎಕ್ಸ್‌ಇನ್ಫೋ ಓಡಿಸಿದೆ. ರೆಂಡರರ್ ಸಾಲಲ್ಲಿ ಮೆಸಾ ಇಂಟೆಲ್ ಅಂತಿತ್ತು. ಎಲ್‌ಎಲ್‌ವಿಎಂಪೈಪ್ ಅಂತಿದ್ರೆ ಚಿತ್ರ ಬಿಡಿಸೋ ಕೆಲಸಾನೂ ಪ್ರೊಸೆಸರ್ ತಲೆಮೇಲೆ ಬಿದ್ದಿದೆ ಅಂತ ಅರ್ಥ. ನಮ್ಮದರಲ್ಲಿ ಡ್ರೈವರು ಚೆನ್ನಾಗೇ ಇತ್ತು! ಸೆಟ್ಟಿಂಗ್ಸಲ್ಲಿ ವಿಂಡೋ ಮ್ಯಾನೇಜರ್ ಟ್ವೀಕ್ಸ್, ಅದರೊಳಗೆ ಕಾಂಪೋಸಿಟರ್. ಅಲ್ಲೊಂದು ಟಿಕ್ ಹಾಕಿರಲಿಲ್ಲ, ಅಷ್ಟೇ. ಹಾಕಿದೆ. ಕಿಟಕಿಗಳಿಗೆ ನೆರಳು ಬಂತು, ಹರಿಯೋದು ನಿಲ್ತು. ಒಂದು ಟಿಕ್ಕಿಗೆ ಹೊಸ ಲ್ಯಾಪ್‌ಟಾಪಿನ ದುಡ್ಡು ಕೇಳಿದ್ದ ಪುಣ್ಯಾತ್ಮ.

ಇನ್ನೊಂದಿದೆ. ಕಾಂಪೋಸಿಟರ್ ಆನ್ ಇದ್ರೆ ಆಲ್ಟ್ ಒತ್ತಿ ಮೌಸಿನ ಚಕ್ರ ತಿರುಗಿಸಿದಾಗ ಇಡೀ ಪರದೆ ದೊಡ್ಡದಾಗುತ್ತೆ. ನಮ್ಮತ್ತೆಗೆ ಕಣ್ಣಿನ ಪೊರೆ, ಆಪರೇಶನ್ ಇನ್ನೂ ಆಗಿಲ್ಲ. ಪೇಪರ್ ಓದಿ ಹೇಳೋಕೆ ಯಾರಾದ್ರೂ ಬಿಡುವಾಗ್ಲಿ ಅಂತ ಕಾಯ್ತಾ ಕೂತಿರ್ತಿದ್ರು, ಪಾಪ, ಕೇಳೋಕೂ ಸಂಕೋಚ. ಈಗ ತಾವೇ ಚಕ್ರ ತಿರುಗಿಸ್ಕೊಂಡು ಓದ್ತಾರೆ. ಮೊನ್ನೆ ಅಕ್ಷರ ಒಂದೊಂದೂ ಇಡ್ಲಿ ಗಾತ್ರ ಮಾಡ್ಕೊಂಡು ರಾಜಕೀಯ ಎಲ್ಲ ಮುಗಿಸಿ, "ಇದ್ರಲ್ಲಿ ರಾಶಿಭವಿಷ್ಯ ಎಲ್ಲೈತಮ್ಮಾ?" ಅಂದ್ರು.